ಚಾವಡಿಯ ಮತ್ಸ್ಯಕನ್ಯೆ: ಆಟಿ ಮಳೆಯ ಎರಡು ದಿನ, ಒಂದು ಫೋಟೋ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಹಂಚಿನ ಮನೆ. ಎಂಟು ವರ್ಷದ ಹುಡುಗಿ. ಅವಳ ಅತ್ತೆ ಹೊಲಿದುಕೊಟ್ಟ ಮೀನಿನ ಬಾಲ. ಹೊರಗೆ ಆಟಿಯ ಮಳೆ, ಅಂದರೆ ತುಳುವರ ಆಟಿ ತಿಂಗಳ ಜುಲೈ-ಆಗಸ್ಟಿನ ಮಳೆ. ಇಷ್ಟರಲ್ಲಿ ಒಂದು ಒಳ್ಳೆಯ ಫೋಟೋ ಆಗಬೇಕಿತ್ತು. ಮೊದಲ ದಿನ 63 ಫೋಟೋ ತೆಗೆದೆ, ಒಂದೂ ಉಳಿಯಲಿಲ್ಲ. ಎರಡನೇ ದಿನ ಅದೇ ಮನೆ, ಅದೇ ಮಗು, ಅದೇ ಕ್ಯಾಮರಾ. ಆ ದಿನ ಐದು ಉಳಿದವು. ಅದರಲ್ಲಿ ಒಂದು ಕಡಲು ದಾಟಿ ಹೋಯಿತು.

ನಡುವೆ ಬದಲಾದದ್ದು ಏನು ಎನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ನಾನು 14 ವರ್ಷದಿಂದ ಮದುವೆ, ಉಪನಯನ, ಮನೆ ಒಕ್ಕಲಿನ ಫೋಟೋ ತೆಗೆಯುವವನು. ಮಕ್ಕಳಿಗೆ ವೇಷ ಹಾಕಿ ಮನೆಯಲ್ಲೇ ಫೋಟೋ ತೆಗೆಯುವ ತಂದೆ ತಾಯಿ ಈಗ ಜಾಸ್ತಿ. ಚಂದ ಬಾರದಿದ್ದರೆ ಮೊಬೈಲು ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅಷ್ಟು ಬೇಗ ಬಿಡಬೇಡಿ ಅಂತ ಹೇಳಲಿಕ್ಕೇ ಈ ಬರಹ.

ಪುಟ್ಟಿ, ಬಾಲ ಮತ್ತು ಶಾರ್ಜಾ

ಪುಟ್ಟಿ ನನ್ನ ಅಕ್ಕನ ಮಗಳು. ಮೂರನೇ ಕ್ಲಾಸು. ಶಾಲೆಯಲ್ಲಿ ಛದ್ಮವೇಷ ಇತ್ತು. ಪಕ್ಕದ ಮನೆಯ ಮಲಯಾಳಂ ಮಕ್ಕಳು ಇದನ್ನೇ ಪ್ರಚ್ಛನ್ನವೇಷ ಅನ್ನುತ್ತಾರೆ. ಒಂದು ವರ್ಷ ಕೃಷ್ಣ ಆಗಿದ್ದಳು, ಇನ್ನೊಂದು ವರ್ಷ ಅಬ್ಬಕ್ಕ. ಈ ಸಲ ಮತ್ಸ್ಯಕನ್ಯೆಯೇ ಆಗಬೇಕು ಅಂತ ಹಠ.

ಬಾಲ ಹೊಲಿದದ್ದು ಅವಳ ಅತ್ತೆ. ಮನೆಯಲ್ಲೇ ಹೊಲಿಗೆ ಮಾಡುವವರು. ಎಳೆದರೆ ಹಿಗ್ಗುವ ನೀಲಿಹಸುರು ಬಟ್ಟೆ, ಅದರ ಮೇಲೆಲ್ಲ ಚಮ್ಕಿ. ಸೊಂಟದಿಂದ ಪಾದದವರೆಗೆ ಸಪೂರವಾಗುತ್ತಾ ಬಂದು ಕೊನೆಗೆ ಅಗಲವಾದ ರೆಕ್ಕೆ. ರೆಕ್ಕೆ ಸೋತು ನೆಲಕ್ಕೆ ಬೀಳಬಾರದು ಅಂತ ಒಳಗೆ ಅವರು ಅಡಿಕೆ ಹಾಳೆ ಇಟ್ಟಿದ್ದರು. ಇದು ನನಗೆ ತುಂಬ ಇಷ್ಟವಾಯಿತು. ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ತೊಗಲಿನ ಹಾಗೆ ಮೆದುವಾಗುತ್ತದೆ. ಬೇಕಾದಂತೆ ಕತ್ತರಿಸಿ, ಬಗ್ಗಿಸಿ, ಮೇಲೆ ಭಾರ ಇಟ್ಟು ಒಣಗಿಸಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಆಟಿಯಲ್ಲಿ ಬಿಸಿಲೆಲ್ಲಿ? ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದರು. ಪೇಟೆಯಿಂದ ಪ್ಲಾಸ್ಟಿಕ್ ಹಾಳೆ ತಂದಿದ್ದರೂ ಇಷ್ಟು ಹಗುರ, ಇಷ್ಟು ಗಟ್ಟಿ ಬರುತ್ತಿರಲಿಲ್ಲ.

ಶಾಲೆಯ ವೇದಿಕೆಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ ಒಂದಿತ್ತು. ಹಿಂದಿನಿಂದ ಬೆಳಕು, ಮುಂದೆ ಕತ್ತಲೆ, ಪೂರಾ ಮಸುಕು. ಅದನ್ನು ನೋಡಿ ಪುಟ್ಟಿ ಹೇಳಿದಳು: "ಮಾವ, ಇದರಲ್ಲಿ ನಾನು ಗೋಣಿಯ ಒಳಗೆ ನಿಂತ ಹಾಗೆ ಉಂಟು." ಹೇಳುವಾಗಲೇ ಅವಳ ಗಂಟಲು ಕಟ್ಟಿತ್ತು.

ಭಾವ ಶಾರ್ಜಾದಲ್ಲಿದ್ದಾರೆ. ಮಳೆ ಬಂದಾಗಲೆಲ್ಲ ನಮ್ಮಲ್ಲಿ ನೆಟ್‌ವರ್ಕ್ ಹೋಗುತ್ತದೆ, ವಿಡಿಯೋ ಕಾಲಿನಲ್ಲಿ ಮಗಳ ಬಾಲ ಅವರಿಗೆ ಕಂಡದ್ದು ತುಂಡು ತುಂಡಾಗಿ. "ಒಂದು ಫೋಟೋ ಪ್ರಿಂಟ್ ಹಾಕಿಸಿ ಕಳಿಸಿ, ರೂಮಿನ ಗೋಡೆಗೆ ಹಾಕ್ತೇನೆ" ಅಂತ ಕೇಳಿದ್ದರು. ರಜೆಯಲ್ಲಿ ಬಂದಿದ್ದ ನೆರೆಮನೆಯವರು ಹತ್ತು ದಿನದಲ್ಲಿ ವಾಪಸು ಹೊರಡುವವರಿದ್ದರು. ಅವರ ಕೈಯಲ್ಲಿ ಕಳಿಸುವುದು ಅಂತ ಆಯಿತು.

ಕುಂಬಳೆಯ ಕಡಪ್ಪುರಕ್ಕೋ ಬೇಕಲಕ್ಕೋ ಹೋಗೋಣ ಎಂದು ಅಕ್ಕ ಕೇಳಿದಳು. ನಾನು ಒಪ್ಪಲಿಲ್ಲ. ಆಟಿಯ ಕಡಲು ಯಾರ ಮಾತೂ ಕೇಳುವುದಿಲ್ಲ. ಅದಕ್ಕಿಂತ ದೊಡ್ಡದು, ಈ ವೇಷದಲ್ಲಿ ಮಗುವಿನ ಎರಡೂ ಕಾಲು ಕಟ್ಟಿದ ಹಾಗೆ. ಜಾರಿದರೆ ಅವಳಿಗೆ ಏಳಲಿಕ್ಕೂ ಆಗುವುದಿಲ್ಲ. ಕೆರೆಯ ದಂಡೆ, ಬಾವಿಕಟ್ಟೆ, ನೀರು ತುಂಬಿದ ಟ್ಯಾಂಕಿ, ಯಾವುದೂ ಬೇಡ. ಮತ್ಸ್ಯಕನ್ಯೆಗೆ ನೀರು ಬೇಕೆಂದು ಕಾಣುತ್ತದೆ. ಫೋಟೋಕ್ಕೆ ಒಂದು ಹನಿಯೂ ಬೇಡ.

ಶನಿವಾರ ಮಧ್ಯಾಹ್ನ

ಮೂರು ಗಂಟೆಗೆ ಶುರು ಮಾಡಿದೆ. ಮಲಗುವ ಕೋಣೆ. ಒಂದು ಕಿಟಕಿ, ಹೊರಗೆ ಅಡಿಕೆ ತೋಟ. ಒಳಗೆ ಕತ್ತಲೆ ಅಂತ ಟ್ಯೂಬ್‌ಲೈಟ್ ಹಾಕಿದೆ, ಸಾಲದೆಂದು ಕ್ಯಾಮರಾದ ಫ್ಲ್ಯಾಶೂ ಹಾಕಿದೆ. ಪುಟ್ಟಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಕೋಣೆ ಚಿಕ್ಕದು, ಹಾಗಾಗಿ 18 ಮಿ.ಮೀ. ಅಗಲದ ಲೆನ್ಸಿನಲ್ಲಿ ಮೂರು ಅಡಿ ದೂರದಿಂದ ತೆಗೆದೆ.

ಸಂಜೆ ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಒಂದೊಂದೇ ತಪ್ಪು ಕಂಡಿತು. ಎಲ್ಲವೂ ನನ್ನವೇ.

ಫ್ಲ್ಯಾಶಿನ ಫೋಟೋಗಳಲ್ಲಿ ಬಾಲದ ನಡುವೆ ಹತ್ತಿಪ್ಪತ್ತು ಚಮ್ಕಿ ಉರಿದು ಬಿಳಿಯಾಗಿದ್ದವು. ಉಳಿದ ಬಾಲ ಕಪ್ಪು. ಹಿಂದಿನ ಗೋಡೆಯಲ್ಲಿ ಪುಟ್ಟಿಯ ತಲೆಯ ಗಟ್ಟಿ ನೆರಳು.

ಫ್ಲ್ಯಾಶ್ ಇಲ್ಲದೆ ತೆಗೆದವುಗಳಲ್ಲಿ ಬಣ್ಣ ಕೆಟ್ಟಿತ್ತು. ಇದನ್ನು ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದು ಎಲ್ಲರಿಗೂ ಆಗುತ್ತದೆ. ನೆಲ ಕಾವಿಯದ್ದು. ಕೆಂಪು ನೆಲಕ್ಕೆ ಬಿದ್ದ ಬೆಳಕು ಕೆಂಪಾಗಿಯೇ ಮೇಲೆ ಬರುತ್ತದೆ. ಪುಟ್ಟಿಯ ಗಲ್ಲದ ಕೆಳಗೆ, ಬಾಲದ ಅಡಿಯಲ್ಲಿ ಎಲ್ಲ ಕೆಂಪು ಛಾಯೆ. ಕಿಟಕಿಯ ಕಡೆಯ ಕೆನ್ನೆ ಮಾತ್ರ ಹಸುರು. ಮಳೆಗಾಲದಲ್ಲಿ ತೋಟದ ಎಲೆ ಎಲೆಯೂ ತೊಳೆದಿಟ್ಟ ಹಾಗೆ ಇರುತ್ತದೆ, ಅದನ್ನು ಹಾದು ಬಂದ ಬೆಳಕಿಗೆ ಹಸುರು ಅಂಟಿಯೇ ಇರುತ್ತದೆ. ಮೇಲಿನಿಂದ ಟ್ಯೂಬ್‌ಲೈಟಿನ ತಣ್ಣನೆಯ ಬಿಳಿ. ಒಂದೇ ಮುಖದಲ್ಲಿ ಮೂರು ಬಣ್ಣ. ನಮ್ಮ ಕಣ್ಣು ಇದನ್ನೆಲ್ಲ ತಾನೇ ಸರಿಮಾಡಿಕೊಳ್ಳುತ್ತದೆ. ಕ್ಯಾಮರಾಕ್ಕೆ ಒಂದು ಬಣ್ಣದ ಬೆಳಕಾದರೆ ಸರಿಮಾಡಲಿಕ್ಕೆ ಬರುತ್ತದೆ, ಮೂರನ್ನು ಒಟ್ಟಿಗೆ ಸರಿಮಾಡಲಿಕ್ಕೆ ಬರುವುದಿಲ್ಲ.

ಕೆಲವು ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದಿತ್ತು. ಅದು ಎಲ್‌ಇಡಿ ಟ್ಯೂಬಿನ ಕೆಲಸ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಾನು ಶಟರ್ ಸೆಕೆಂಡಿನ 1/250 ಭಾಗದಷ್ಟು ಹೊತ್ತು ಮಾತ್ರ ತೆರೆಯುವ ಹಾಗೆ ಇಟ್ಟಿದ್ದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ದೀಪವನ್ನೇ ಆರಿಸಿದರೆ ಇನ್ನೂ ಒಳ್ಳೆಯದು.

ಇದೆಲ್ಲ ಸರಿಮಾಡಬಹುದಾದ ತಪ್ಪುಗಳು. ನನಗೆ ನಿಜವಾಗಿ ಬೇಜಾರಾದದ್ದು ಬಾಲ ನೋಡಿ. ಕುರ್ಚಿಯಲ್ಲಿ ಕೂತಾಗ ಎರಡು ಮೊಣಕಾಲು ಮುಂದಕ್ಕೆ ಬಂದು ಬಟ್ಟೆಯೊಳಗೆ ಎರಡು ಗುಡ್ಡದ ಹಾಗೆ ಕಂಡವು. ಕೆಳಗೆ ಹಿಮ್ಮಡಿಯ ಗಂಟು. ರೆಕ್ಕೆ ಶುರುವಾಗುವ ಜಾಗದಲ್ಲಿ ಬಟ್ಟೆ ಮಡಚಿ ಬಿದ್ದಿತ್ತು. ಹತ್ತಿರ ಹೋಗಿ ತೆಗೆದದ್ದರಿಂದ ಮುಖ ದೊಡ್ಡದು, ರೆಕ್ಕೆ ಬೆರಳಿನಷ್ಟು. ಅದು ಮೀನಿನ ಬಾಲ ಆಗಿರಲಿಲ್ಲ, ಚೀಲಕ್ಕೆ ತುರುಕಿದ ಕಾಲಾಗಿತ್ತು. ಗೋಣಿ ಅಂತ ಪುಟ್ಟಿ ಹೇಳಿದ್ದು ಸರಿಯೇ.

"ನಾಳೆ ಇನ್ನೊಮ್ಮೆ ಕೂರ್ತೀಯಾ?" ಕೇಳಿದೆ. ಅವಳು ಬಾಲವನ್ನು ಮಡಚುತ್ತಾ, "ನಾಳೆ ಚಂದ ಬರ್ತದಾ?" ಅಂದಳು. ಬರ್ತದೆ ಅಂತ ಮಾತು ಕೊಟ್ಟೆ.

ರಾತ್ರಿ, ಅಡುಗೆಮನೆಯಲ್ಲಿ

ಊಟ ಆದ ಮೇಲೆ ಕರೆಂಟು ಹೋಯಿತು. ಬಾಲವನ್ನು ಅಡುಗೆಮನೆಯ ಹಲಗೆಯ ಮೇಲೆ ಹರಡಿ ಟಾರ್ಚ್ ಬಿಟ್ಟು ನೋಡಿದೆ.

ಚಮ್ಕಿ ಅಂದರೆ ಸಣ್ಣ ಸಣ್ಣ ತಟ್ಟೆ. ಒಂದೊಂದೂ ಕಡ್ಲೆಬೇಳೆಗಿಂತ ಸ್ವಲ್ಪ ದೊಡ್ಡದು, ನಡುವೆ ತೂತು, ತೂತಿನಲ್ಲಿ ನೂಲು. ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಅರ್ಧ ಕೂತಿವೆ. ಟಾರ್ಚನ್ನು ಎಡದಿಂದ ಬಿಟ್ಟಾಗ ಒಂದು ಸಾಲು ಹೊಳೆಯಿತು, ಉಳಿದವು ಕಪ್ಪು. ಟಾರ್ಚನ್ನು ಎರಡು ಬೆರಳು ಸರಿಸಿದೆ. ಹೊಳೆಯುತ್ತಿದ್ದ ಸಾಲು ಸತ್ತು ಪಕ್ಕದ ಸಾಲು ಎದ್ದಿತು. ಟಾರ್ಚನ್ನು ಹಾಗೇ ಇಟ್ಟು ನನ್ನ ತಲೆ ಸರಿಸಿದೆ. ಅದೇ ಆಯಿತು.

ಆಮೇಲೆ ಬಟ್ಟೆಯ ಪಕ್ಕದಲ್ಲಿ ಒಂದು ಬಿಳಿ ತೋರ್ತನ್ನು (ತೆಳು ಟವಲು) ನಿಲ್ಲಿಸಿ ಹಿಡಿದೆ, ಟಾರ್ಚನ್ನು ಚಮ್ಕಿಗೆ ಬಿಡದೆ ತೋರ್ತಿಗೆ ಬಿಟ್ಟೆ. ಒಂದು ಅಂಗೈ ಅಗಲದಷ್ಟು ಬಾಲ ಒಟ್ಟಿಗೆ ಬೆಳಗಿತು. ಚುಕ್ಕೆ ಚುಕ್ಕೆ ಉರಿ ಇಲ್ಲ. ಪ್ರತಿಯೊಂದು ಚಮ್ಕಿಯ ಅಂಚು, ಬಾಗು, ನೀಲಿಯಿಂದ ಹಸುರಿಗೆ ತಿರುಗುವ ಬಣ್ಣ, ಎಲ್ಲ ಕಾಣುತ್ತಿತ್ತು. ತೋರ್ತನ್ನು ದೂರ ಮಾಡಿದರೆ ಆ ಬೆಳಗಿದ ಜಾಗ ಸಣ್ಣದಾಯಿತು, ಹತ್ತಿರ ತಂದರೆ ಅಗಲವಾಯಿತು.

ಚಮ್ಕಿಗೆ ತನ್ನದು ಅನ್ನುವ ಬೆಳಕಿಲ್ಲ. ಅದು ಕನ್ನಡಿ. ಕನ್ನಡಿಯಲ್ಲಿ ಎದುರಿಗಿದ್ದದ್ದು ಕಾಣುತ್ತದೆ. ಎದುರಿಗೆ ಫ್ಲ್ಯಾಶಿನ ಚುಕ್ಕೆ ಇದ್ದರೆ ಚುಕ್ಕೆ ಕಾಣುತ್ತದೆ, ಕತ್ತಲೆ ಗೋಡೆ ಇದ್ದರೆ ಕತ್ತಲೆ. ದೊಡ್ಡ ಬಿಳಿ ಬಟ್ಟೆ ಇದ್ದರೆ ಬಾಲವೆಲ್ಲ ಬೆಳಗುತ್ತದೆ. ಹಾಗಾದರೆ ನಾಳೆ ನಾನು ಬಾಲಕ್ಕೆ ಬೆಳಕು ಬಿಡುವುದಲ್ಲ, ಬಾಲದ ಎದುರಿಗೆ ಏನಿಡಬೇಕು ಅಂತ ಯೋಚಿಸಬೇಕು. ಮದುವೆ ಮಂಟಪದಲ್ಲಿ ಜರಿ ಸೀರೆಯ ಜೊತೆ ಇಷ್ಟು ವರ್ಷ ಒದ್ದಾಡಿದ್ದೆ. ಅದರ ಕಾರಣವೂ ಇದೇ ಅಂತ ಅವತ್ತು ರಾತ್ರಿ ಹೊಳೆಯಿತು.

ಭಾನುವಾರ: ಚಾವಡಿ

ಬೆಳಿಗ್ಗೆ ಒಂಬತ್ತೂವರೆಗೆ ಚಾವಡಿಯಲ್ಲಿ, ಅಂದರೆ ಮನೆಯ ಮುಂಭಾಗದ ಹಜಾರದಲ್ಲಿ, ನೆಲಕ್ಕೆ ಕೂತೆ. ಕ್ಯಾಮರಾ ಹೊರಗೆ ತೆಗೆದಿರಲಿಲ್ಲ. ಪುಟ್ಟಿಯ ತಲೆ ಇರಬೇಕಾದ ಎತ್ತರಕ್ಕೆ ನನ್ನ ತಲೆ ತಂದು ಬಾಗಿಲ ಕಡೆ ನೋಡಿದೆ. ನಮ್ಮ ಹಂಚಿನ ಮನೆಗಳ ಮಾಡು ತಗ್ಗು. ಒಳಗೆ ಸರಿದಷ್ಟೂ ಆಕಾಶ ಮರೆಯಾಗಿ ತೋಟ ಮಾತ್ರ ಕಾಣುತ್ತದೆ. ಹೊಸ್ತಿಲಿನಿಂದ ನಾಲ್ಕು ಅಡಿಯಲ್ಲಿ ಮಾಡಿನ ಕೆಳಗೆ ಒಂದು ಪಟ್ಟಿ ಆಕಾಶ ಕಂಡಿತು. ಏಳು ಅಡಿಯಲ್ಲಿ ಕಾಣಲಿಲ್ಲ. ಸರಿ, ಜಾಗ ನಾಲ್ಕು ಅಡಿ. ಮನೆಯೊಳಗೆ ಫೋಟೋ ತೆಗೆಯುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಪರೀಕ್ಷೆ. ಮಗು ಇರುವ ಜಾಗದಿಂದ ಆಕಾಶ ಕಾಣುತ್ತದಾ ನೋಡಿ. ಕಂಡರೆ ಬೆಳಕು ಉಂಟು.

ದೀಪಗಳನ್ನೆಲ್ಲ ಆರಿಸಿದೆ. ತೋಟದ ಕಡೆಯ ಕಿಟಕಿ ಮುಚ್ಚಿದೆ. ಬಾಗಿಲಿಗೆ ಅಡ್ಡವಾಗಿ ತೆಳ್ಳಗಿನ ಬಿಳಿ ಪಂಚೆಯನ್ನು ಮೇಲಿಂದ ಕೆಳಗೆ ಇಳಿಬಿಟ್ಟೆ. ಬೆಳಕು ಸುಮಾರು ಅರ್ಧಕ್ಕೆ ಇಳಿಯಿತು, ಅಡ್ಡಿಯಿಲ್ಲ. ಈಗ ಬಾಗಿಲೇ ಒಂದು ದೊಡ್ಡ ಬಿಳಿ ಹಲಗೆ. ಎದುರು ಕಡೆ, ಪುಟ್ಟಿಯಿಂದ ಮೂರು ಅಡಿ ದೂರದಲ್ಲಿ, ಹಳೆಯ ಟಿವಿ ಪೆಟ್ಟಿಗೆಯಲ್ಲಿದ್ದ ಥರ್ಮಾಕೋಲಿನ ಎರಡು ಹಲಗೆ ಒರಗಿಸಿದೆ. ಬಾಗಿಲಿನಿಂದ ಬಂದ ಬೆಳಕು ಅದಕ್ಕೆ ಬಡಿದು ನೆರಳಿನ ಕಡೆಗೆ ಸ್ವಲ್ಪ ತಿರುಗುತ್ತದೆ. ಕಾವಿ ನೆಲದ ಮೇಲೆ ಬಿಳಿ ಹೊದಿಕೆ ಹಾಸಿದೆ.

ಹೊದಿಕೆಯ ಮೇಲೆ ಸಮುದ್ರ ಬೇಕಿತ್ತು. ಅಕ್ಕ ರೇಷ್ಮೆಯ ನೀಲಿ ಸೀರೆ ತಂದಳು. ಹಾಸಿ ನೋಡಿದರೆ ಬಾಲಕ್ಕಿಂತ ಸೀರೆಯೇ ಹೊಳೆಯಿತು. ಬಾಲ ಒಂದೇ ಹೊಳೆಯಬೇಕು, ಉಳಿದದ್ದು ಸುಮ್ಮನಿರಬೇಕು. ಆಗ ಅಜ್ಜಿ, ಅಂದರೆ ಭಾವನ ಅಮ್ಮ, ಒಳಗಿನ ಪೆಟ್ಟಿಗೆಯಿಂದ ತಮ್ಮ ಹಳೆಯ ಕಾಸರಗೋಡು ಸೀರೆ ತೆಗೆದು ಕೊಟ್ಟರು. ಕೈಮಗ್ಗದ ಹತ್ತಿ ಸೀರೆ. ಕಡುನೀಲಿ ಮೈ, ಅರಸಿನ ಬಣ್ಣದ ಸಪೂರ ಅಂಚು. ತೊಳೆದು ತೊಳೆದು ಮೆತ್ತಗಾಗಿದೆ, ಎಲ್ಲೂ ಹೊಳಪಿಲ್ಲ. ಅಂಚು ಕಾಣದ ಹಾಗೆ ಒಳಗೆ ಮಡಚಿ, ಮೈಯನ್ನು ಸಣ್ಣ ಸಣ್ಣ ನಿರಿಗೆ ಮಾಡಿ ಹರಡಿದೆ. ಬಾಗಿಲಿನ ಬೆಳಕು ಅಡ್ಡದಿಂದ ಬೀಳುವಾಗ ನಿರಿಗೆಯ ಒಂದು ಬದಿ ತಿಳಿ, ಇನ್ನೊಂದು ಬದಿ ಕಡು. ಸಮುದ್ರ ಆಯಿತು.

ಸೀರೆಯ ಅಡಿಯಲ್ಲಿ ಒಂದು ತಲೆದಿಂಬು ಮತ್ತು ಸಿಪ್ಪೆ ಸುಲಿಯದ ಎರಡು ತೆಂಗಿನಕಾಯಿ ಇಟ್ಟೆ. ಮೇಲಿನಿಂದ ಬಂಡೆಯ ಹಾಗೆ ಕಾಣುತ್ತದೆ. ಮಗು ಒರಗಲಿಕ್ಕೂ ಆಗುತ್ತದೆ.

ಬಾಲದ ರಿಪೇರಿ ಪುಟ್ಟಿಯ ಅತ್ತೆ ಬೆಳಿಗ್ಗೆಯೇ ಬಂದು ಮಾಡಿಕೊಟ್ಟಿದ್ದರು. ಹಾಳೆಯ ಒಂದು ಉದ್ದನೆಯ ಪಟ್ಟಿಯನ್ನು ರೆಕ್ಕೆಯಿಂದ ಪಾದದ ಗಂಟಿನವರೆಗೆ, ಸುಮಾರು ನಾಲ್ಕು ಇಂಚು ಮೇಲಕ್ಕೆ, ಹೊಲಿದರು. ಬಟ್ಟೆ ಮಡಚುವುದು ನಿಂತಿತು. ಹಿಮ್ಮಡಿಯ ಗಂಟು ಮುಚ್ಚಲು ಪುಟ್ಟಿಗೆ ದಪ್ಪ ಸಾಕ್ಸ್ ಹಾಕಿ ಬೆರಳು ಚೂಪು ಮಾಡಲು ಹೇಳಿದೆವು.

ಇನ್ನು ಕೂರುವ ರೀತಿ. ಕೋಪನ್‌ಹೇಗನ್ನಿನ ಬಂದರಿನಲ್ಲಿ ಬಂಡೆಯ ಮೇಲೆ ಕೂತ ಮತ್ಸ್ಯಕನ್ಯೆಯ ಪ್ರತಿಮೆಯ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. 1913ರದ್ದು. ಎತ್ತರ 1.25 ಮೀಟರ್, ಹೆಚ್ಚುಕಡಿಮೆ ನಮ್ಮ ಪುಟ್ಟಿಯಷ್ಟೇ. ಮತ್ಸ್ಯಕನ್ಯೆ ಅಂದ ಕೂಡಲೇ ಕೂರಿಸಬೇಕು ಅಂತ ನಮಗೆ ಅನ್ನಿಸುವುದು ಅಂಥ ಚಿತ್ರಗಳಿಂದ ಇರಬೇಕು. ನಮ್ಮ ಜಿಲ್ಲೆಯವರೇ, ಚೆರುವತ್ತೂರಿನ ಶಿಲ್ಪಿ ಕಾನಾಯಿ ಕುಂಞಿರಾಮನ್, ತಿರುವನಂತಪುರದ ಶಂಖುಮುಖಂ ಕಡಲ ತೀರದಲ್ಲಿ ಮಾಡಿದ ಸಾಗರಕನ್ಯಕೆ ಬೇರೆ. 87 ಅಡಿ ಉದ್ದ, 25 ಅಡಿ ಎತ್ತರ, ಆ ಹೆಣ್ಣು ಒರಗಿ ಮಲಗಿದ್ದಾಳೆ. ಒರಗಿದಾಗ ಸೊಂಟದಿಂದ ಕೆಳಗಿನ ಗೆರೆ ಎಲ್ಲೂ ಮುರಿಯದೆ ಹರಿಯುತ್ತದೆ. ಶನಿವಾರ ರಾತ್ರಿ ಆ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಮೇಲೆಯೇ ಕುರ್ಚಿ ಬೇಡ ಅಂತ ತೀರ್ಮಾನ ಮಾಡಿದ್ದು.

ಪುಟ್ಟಿಯನ್ನು ಅಕ್ಕ ಎತ್ತಿಕೊಂಡು ಬಂದು ಮಲಗಿಸಿದಳು. ಬಾಲ ಹಾಕಿದ ಮೇಲೆ ಅವಳನ್ನು ನಡೆಸಲಿಲ್ಲ, ಕುಪ್ಪಳಿಸಲಿಕ್ಕೂ ಬಿಡಲಿಲ್ಲ. ಮೇಲೆ ಹಸುರು ತುಂಬುತೋಳಿನ ಅಂಗಿ, ಸೊಂಟದ ಸೇರಿಕೆ ಮುಚ್ಚಲು ನೆಟ್ ಬಟ್ಟೆಯ ಪಟ್ಟಿ. ಎಡಗೈ ಮೊಣಕೈ ಬಂಡೆಯ ಮೇಲೆ. ಬಾಲ ಬಾಗಿಲಿಗೆ ಸಮಾನಾಂತರವಾಗಿ, ತಲೆಯಿಂದ ರೆಕ್ಕೆಯವರೆಗೆ ಒಂದೇ ಅಳತೆಯ ಬೆಳಕು ಬೀಳುವ ಹಾಗೆ. "ಎರಡು ಕಾಲು ಅಂತ ಮರೆತುಬಿಡು ಪುಟ್ಟಿ, ಒಂದೇ ಅಂತ ಎಣಿಸು. ಸೊಂಟದಿಂದ ಅಲ್ಲಾಡಿಸು" ಅಂದೆ. ಅವಳು ಎರಡು ಸಲ ಅಲ್ಲಾಡಿಸಿ ನಕ್ಕಳು. ಮೊಣಕಾಲಿನ ಗುಡ್ಡ ಹೋಗಿ ಬಾಲ ಒಂದು ಸೊಗಸಾದ ಬಾಗಿನಲ್ಲಿ ನಿಂತಿತು.

ಒಂದು ವಿಷಯ ನನಗೆ ಆಗಲೇ ಹೊಳೆದದ್ದು. ಮೀನಿನ ಬಾಲದ ರೆಕ್ಕೆ ನೆಟ್ಟಗೆ ನಿಂತಿರುತ್ತದೆ, ಎಡಬಲ ಬೀಸುತ್ತದೆ. ವೇಷದ ಬಾಲದ್ದು ಹಾಗಲ್ಲ. ಡಾಲ್ಫಿನ್ನಿನ ಹಾಗೆ ಅಡ್ಡಕ್ಕೆ ಅಗಲ, ಮೇಲೆ ಕೆಳಗೆ ಬೀಸುವಂಥದ್ದು. ನಮ್ಮ ಕಾಲು ಬಗ್ಗುವುದೇ ಹಾಗಲ್ಲವಾ. ಹಾಗಾಗಿ ಅದನ್ನು ನೆಲದಲ್ಲಿ ಸುಮ್ನೆ ಬಿಟ್ಟರೆ ಪಕ್ಕದಿಂದ ಒಂದು ಗೆರೆ ಮಾತ್ರ ಕಾಣುತ್ತದೆ. ರೆಕ್ಕೆಯ ಕೆಳಗೆ, ಸೀರೆಯ ಒಳಗೆ, ಒಂದು ಚೆಂಬನ್ನು ಮಗುಚಿ ಇಟ್ಟೆ. ರೆಕ್ಕೆ ಕ್ಯಾಮರಾದ ಕಡೆಗೆ ಮುಖ ಎತ್ತಿತು. ಅತ್ತೆಗೆ ತುಂಬ ಸಂತೋಷವಾಯಿತು, ರೆಕ್ಕೆಗೆ ಅವರು ಎರಡು ದಿನ ಕೂತು ಹೊಲಿದಿದ್ದರು.

ಒಂಬತ್ತು ಅಡಿ ಹಿಂದೆ ಸರಿದು 50 ಮಿ.ಮೀ.ನಲ್ಲಿ ಹಿಡಿದೆ. ಎಫ್ 4, ಶಟರ್ 1/125, ಐಎಸ್‌ಒ 1600. ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಅಂತ ಕ್ಯಾಮರಾಕ್ಕೆ ತಿಳಿಸುವುದು, ಅದನ್ನು ಆ ಪಂಚೆಯ ಬಿಳಿ ನೋಡಿ ಹೊಂದಿಸಿದೆ. ಚಮ್ಕಿ ಉರಿಯದ ಹಾಗೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿದೆ. ಆದರೂ ಮೊದಲ ಫೋಟೋದಲ್ಲಿ ಬಾಲ ಮಂಕು. ರಾತ್ರಿಯ ಟಾರ್ಚ್ ನೆನಪಾಯಿತು. ಕ್ಯಾಮರಾ ಕಣ್ಣಿಗಿಟ್ಟುಕೊಂಡೇ ಮೊಣಕಾಲೂರಿ ಬಲಕ್ಕೆ ಸರಿಯುತ್ತಾ ಹೋದೆ. ಒಂದು ಅಡಿ, ಒಂದೂವರೆ ಅಡಿ. ಒಮ್ಮೆಲೇ ಸೊಂಟದಿಂದ ರೆಕ್ಕೆಯವರೆಗೆ ಒಂದು ಬೆಳ್ಳಿಗೆರೆ ಎದ್ದಿತು, ಅದರ ಎರಡೂ ಬದಿಯಲ್ಲಿ ನೀಲಿ, ಹಸುರು. ಪಂಚೆ ಬಾಲದಲ್ಲಿ ಕಾಣುವ ಜಾಗಕ್ಕೆ ನಾನು ಬಂದು ಮುಟ್ಟಿದ್ದೆ. ಅಲ್ಲೇ ನಿಂತು ತೆಗೆದೆ.

ಏಣಿಯ ಮೇಲಿನಿಂದ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಮೇಲೆ ತೆಗೆದದ್ದು. ಪುಟ್ಟಿ ಸೀರೆಯ ಮೇಲೆ ಅಂಗಾತ ಮಲಗಿದಳು, ಬಾಲ ಒಂದು ಬದಿಗೆ ಬಾಗಿಸಿ. ಮಡಚುವ ಏಣಿಯನ್ನು ಬಾಗಿಲಿನ ಎದುರು ಕಡೆಗೆ, ಅವಳಿಂದ ಸ್ವಲ್ಪ ಆಚೆಗೆ ಇಟ್ಟೆವು. ಬಾಗಿಲ ಕಡೆ ಇಟ್ಟರೆ ನೆರಳು ಅವಳ ಮೇಲೆ ಬೀಳುತ್ತದೆ. ನೆರೆಮನೆಯ ಹುಡುಗ ಏಣಿ ಗಟ್ಟಿಯಾಗಿ ಹಿಡಿದ. ಕ್ಯಾಮರಾದ ಪಟ್ಟಿ ಕುತ್ತಿಗೆಗೆ, ಕಿಸೆಯಲ್ಲಿದ್ದ ಮೊಬೈಲು, ಕೀಲಿಕೈ ಎಲ್ಲ ತೆಗೆದಿಟ್ಟೆ. ಮಗುವಿನ ಮೇಲೆ ಏನೂ ಬೀಳಬಾರದು.

ಅಜ್ಜಿ ಪಕ್ಕದಲ್ಲಿ ಕೂತು ಬಾಚಣಿಗೆಯಿಂದ ಅವಳ ಕೂದಲನ್ನು ನೆಲದಲ್ಲಿ ಹರಡಿದರು. ಒಂದೊಂದು ಎಳೆಯನ್ನೂ ನಿರಿಗೆಯ ಜೊತೆಗೆ ಒಂದೇ ದಿಕ್ಕಿಗೆ. ಮೇಲಿನಿಂದ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಕೂದಲು ನೀರಿನಲ್ಲಿ ತೇಲುತ್ತಿತ್ತು. ಸೀರೆ ಅಲೆಯಾಗಿತ್ತು. ನೀರಿನೊಳಗೆ ತೂಕ ಗೊತ್ತಾಗುವುದಿಲ್ಲ ಅಲ್ವಾ, ಮೇಲಿನಿಂದ ತೆಗೆದ ಫೋಟೋದಲ್ಲಿಯೂ ಯಾವ ಕಡೆ ಕೆಳಗೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ನೀರಿನ ಆಳದಲ್ಲಿ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ನೀಲಿ ಉಳಿಯುತ್ತದೆ. ಅದಕ್ಕೆ ವೈಟ್ ಬ್ಯಾಲೆನ್ಸನ್ನು 4,300 ಕೆಲ್ವಿನ್ನಿಗೆ ಇಳಿಸಿ ಇಡೀ ಚಿತ್ರವನ್ನು ಸ್ವಲ್ಪ ನೀಲಿಗೆ ತಿರುಗಿಸಿದೆ. ಅದಕ್ಕಿಂತ ಕೆಳಗೆ ಹೋದರೆ ಮಗುವಿನ ಮುಖ ಕಾಯಿಲೆಯವಳ ಹಾಗೆ ಕಾಣುತ್ತಿತ್ತು.

ಹತ್ತು ನಿಮಿಷಕ್ಕೊಮ್ಮೆ ಬಾಲ ಕಳಚಿ ಅವಳನ್ನು ಎಬ್ಬಿಸಿದೆವು. ಆಟಿಯ ಸೆಕೆ ಬೇರೆ ತರದ್ದು, ಬೆವರು ಆರುವುದಿಲ್ಲ. ಆ ಬಟ್ಟೆಯೊಳಗೆ ಕಾಲು ಬೆಂದ ಹಾಗಾಗುತ್ತದೆ.

ನೀರಿನ ಬೆಳಕಿನ ಬಲೆಯನ್ನೂ ಮಾಡಿ ನೋಡಿದೆ. ಬೆಳಗಿನ ಬಿಸಿಲು ಬೋಗುಣಿಯ ನೀರಿಗೆ ಬಿದ್ದು ಮೇಲಿನ ಹಂಚಿನಲ್ಲಿ ಕುಣಿಯುವುದನ್ನು ನಾವೆಲ್ಲ ಚಿಕ್ಕಂದಿನಲ್ಲಿ ಮಲಗಿ ನೋಡಿದವರೇ. ಬಿಸಿಲಿಲ್ಲದ ಕಾರಣ ಒಂದು ಅಗಲ ತಟ್ಟೆಯ ತಳದಲ್ಲಿ ಕನ್ನಡಿ ಇಟ್ಟು, ಎರಡು ಇಂಚು ನೀರು ಹಾಕಿ, ಟಾರ್ಚ್ ಬಿಟ್ಟೆ. ಪಂಚೆಯ ಮೇಲೆ ಒಂದು ದಪ್ಪ ಕಂಬಳಿ ಹಾಕಿ ಚಾವಡಿ ಕತ್ತಲೆ ಮಾಡಬೇಕಾಯಿತು. ಬೆರಳಿನಿಂದ ನೀರು ಮುಟ್ಟಿದಾಗ ಗೋಡೆಯಲ್ಲಿ, ಬಾಲದಲ್ಲಿ ಬೆಳಕಿನ ಗೆರೆಗಳು ಓಡಾಡಿದವು. ಒಂದೇ ಚುಕ್ಕೆಯ ಬೆಳಕಾದರೆ ಮಾತ್ರ ಗೆರೆ ಹರಿತವಾಗಿ ಬರುತ್ತದೆ, ಟ್ಯೂಬ್‌ಲೈಟಿಗೆ ಬರುವುದಿಲ್ಲ. ಪುಟ್ಟಿಗೆ ಇದೇ ಎಲ್ಲಕ್ಕಿಂತ ಖುಷಿ. ಫೋಟೋದಲ್ಲಿ ಮಾತ್ರ ಗೆರೆಗಳು ಮುಖಕ್ಕೆ ಬಿದ್ದಾಗ ಗಾಯದ ಹಾಗೆ ಕಂಡವು. ಬಾಲಕ್ಕೆ, ಹಿನ್ನೆಲೆಗೆ ಮಾತ್ರ ಬೀಳುವಂತೆ ತಟ್ಟೆಯನ್ನು ತಿರುಗಿಸಿದ ಮೇಲೆ ಒಂದು ಚಂದದ್ದು ಸಿಕ್ಕಿತು.

ಅಕ್ಕನ ಮೊಬೈಲಿನಲ್ಲಿ

ಅದೇ ಬೆಳಕಿನಲ್ಲಿ ಅಕ್ಕನ ಕೈಯಲ್ಲೂ ತೆಗೆಸಿದೆ. ಮೊದಲ ಫೋಟೋ ಮಂಜು ಮುಸುಕಿದ ಹಾಗೆ ಬಂತು. ಲೆನ್ಸಿನ ಮೇಲೆ ತೆಂಗಿನೆಣ್ಣೆಯ ಬೆರಳಚ್ಚು. ಒರೆಸಿದ ಮೇಲೆ ಸರಿಯಾಯಿತು. ಝೂಮ್ 0.5 ಬೇಡ, 2ಕ್ಕೆ ಇಟ್ಟು ಹಿಂದೆ ಸರಿ ಅಂದೆ. ಪೋರ್ಟ್ರೇಟ್ ಮೋಡ್ ಹಾಕಿದಾಗ ರೆಕ್ಕೆಯ ತುದಿಯನ್ನೂ ಹರಡಿದ ಕೂದಲನ್ನೂ ಅದು ಹಿನ್ನೆಲೆ ಅಂತ ತಿಳಿದು ಮಸುಕು ಮಾಡಿಬಿಟ್ಟಿತು, ಆ ಮೋಡನ್ನೂ ಬಂದ್ ಮಾಡಿಸಿದೆ. ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು, ಫೋಕಸ್ ಎರಡೂ ಅಲ್ಲೇ ನಿಲ್ಲುತ್ತವೆ. ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆದರೆ ಚಮ್ಕಿ ಉರಿಯುವುದಿಲ್ಲ. ಇಷ್ಟು ಮಾಡಿದ ಮೇಲೆ ಅವಳು ತೆಗೆದದ್ದಕ್ಕೂ ನಾನು ತೆಗೆದದ್ದಕ್ಕೂ ಮೊಬೈಲ್ ಪರದೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಪ್ರಿಂಟು

ಏಣಿಯಿಂದ ತೆಗೆದದ್ದನ್ನೇ ಆರಿಸಿದೆವು. 12ಕ್ಕೆ 8 ಇಂಚು. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 3,600ಕ್ಕೆ 2,400 ಪಿಕ್ಸೆಲ್ ಸಾಕು. ಈಗಿನ ಸಾಧಾರಣ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋಕ್ಕೂ ಅಷ್ಟು ಶಕ್ತಿ ಉಂಟು. ಮೊದಲು ಒಂದು ಸಣ್ಣ ಪ್ರಿಂಟ್ ಹಾಕಿಸಿದೆ, ಕಪ್ಪಾಗಿ ಬಂತು. ಪರದೆಯ ಬೆಳಕು ಪೂರ್ತಿ ಏರಿಸಿಟ್ಟು ನೋಡಿದರೆ ಹೀಗೇ ಮೋಸ ಹೋಗುತ್ತೇವೆ. ಪರದೆಯನ್ನು ಅರ್ಧಕ್ಕೆ ಇಳಿಸಿ, ಫೋಟೋವನ್ನು ಸ್ವಲ್ಪ ಬೆಳಗಿಸಿ, ಮತ್ತೆ ಹಾಕಿಸಿದೆ. ಹೊಳಪಿಲ್ಲದ ಮ್ಯಾಟ್ ಕಾಗದ.

ಕೆಳಗಿನ ಬಲಮೂಲೆಯಲ್ಲಿ ಒಂದು ತಪ್ಪು ಉಳಿದಿತ್ತು. ಪುಟ್ಟಿ ಬಾಲ ಅಲ್ಲಾಡಿಸಿದಾಗ ಮಡಚಿಟ್ಟ ಸೀರೆಯ ಅಂಚು ಎರಡು ಇಂಚಿನಷ್ಟು ಹೊರಗೆ ಬಂದಿತ್ತು. ನೀಲಿಯ ನಡುವೆ ಅರಸಿನ ಗೆರೆ. ಕತ್ತರಿಸೋಣ ಎಂದರೆ ರೆಕ್ಕೆಯ ತುದಿಯೂ ಹೋಗುತ್ತದೆ. ಅಳಿಸಲಿಕ್ಕೆ ಬರುತ್ತಿತ್ತು, ಒಂದು ಗಂಟೆಯ ಕೆಲಸ. ನೆರೆಮನೆಯವರು ಮರುದಿನ ಹೊರಡುವವರು. ಹಾಗೇ ಬಿಟ್ಟೆ. ಭಾವನಿಗೆ ಬಿಟ್ಟು ಬೇರೆ ಯಾರಿಗೂ ಫೋಟೋ ಕಳಿಸಲಿಲ್ಲ, ಮಗುವಿನ ಫೋಟೋ ಸ್ಟೇಟಸ್ಸಿಗೆಲ್ಲ ಹಾಕುವುದು ಬೇಡ ಅಂತ ಅಕ್ಕ ಮೊದಲೇ ಹೇಳಿದ್ದಳು.

ನಾಲ್ಕನೇ ದಿನ ರಾತ್ರಿ ಕಾಲ್ ಬಂತು. ಮಳೆ ನಿಂತಿತ್ತು, ಚಿತ್ರ ಸರಿಯಾಗಿ ಕಾಣುತ್ತಿತ್ತು. ಹಿಂದಿನ ಗೋಡೆಯಲ್ಲಿ ಫೋಟೋ. ಪುಟ್ಟಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, "ಅಪ್ಪಾ, ಬಾಲ ಕಾಣ್ತದಾ?" ಅಂದಳು. ಕಾಣ್ತದೆ ಮಗಾ, ಅಂದರು. ಮತ್ತೆ ಎದ್ದು ಗೋಡೆಯ ಹತ್ತಿರ ಹೋಗಿ ಮೂಲೆಗೆ ಬೆರಳಿಟ್ಟು ಕೇಳಿದರು: "ಇದು ಅಮ್ಮನ ಸೀರೆ ಅಲ್ವಾ?"

ಅಜ್ಜಿ ಒಳಗಿನಿಂದ ಎದ್ದು ಬಂದರು. ಸೀರೆ ಒಗೆದು ಚಾವಡಿಯಲ್ಲೇ ಹಗ್ಗಕ್ಕೆ ಹಾಕಿದ್ದರು, ಆಟಿಯಲ್ಲಿ ಒಣಗಿರಲಿಲ್ಲ. ಅದರ ಅಂಚನ್ನು ಹಿಡಿದು ಮೊಬೈಲಿನ ಎದುರಿಗೆ ತಂದು ತೋರಿಸಿದರು.